ಫಿಟ್ಸ್ ಆಪರೇಷನ್‌ಗೆ ಮೊದಲು ಮಗಳಿಗೆ ಎರಡು ದಿನ ಬುದ್ಧಿ, ನೆನಪಿನ ಪರೀಕ್ಷೆ ಯಾಕೆ? ಆಮೇಲೆ ಮತ್ತೆ ಯಾಕೆ?

ನಮಸ್ಕಾರ. ನಿಮ್ಮ ಮಗಳಿಗೆ 9 ವರ್ಷ, ಮೂರು ಥರದ ಮಾತ್ರೆಗೂ ಫಿಟ್ಸ್ ನಿಂತಿಲ್ಲ, ಎಡಗಡೆ ಟೆಂಪೊರಲ್ ಭಾಗದ (ಕಿವಿಯ ಹತ್ತಿರ ಇರುವ ಮೆದುಳಿನ ಭಾಗ) ಆಪರೇಷನ್ ಮಾಡೋಣ ಅಂದಿದ್ದಾರೆ ಎಂದು ಬರೆದಿದ್ದೀರಿ. ಎಂಆರ್‌ಐ, ವಿಡಿಯೋ ಇಇಜಿ (ವಿಡಿಯೋ ಜೊತೆಗೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಎಲ್ಲ ಮುಗಿದ ಮೇಲೂ ಇದೊಂದು ಬೇಕಾ, ‘ನನ್ನ ಮಗಳು ದಡ್ಡಿ ಅಂತ ಬರೆದುಬಿಡ್ತಾರಾ’ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಇದೇ ಪರೀಕ್ಷೆ ಮಾಡುವ ಕೆಲಸ ನನ್ನದು. ಎಷ್ಟೋ ಅಪ್ಪ ಅಮ್ಮಂದಿರ ಮನಸ್ಸಲ್ಲಿ ಈ ಭಯ ಇರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ.

ಇದು ಪಾಸು-ಫೇಲಿನ ಪರೀಕ್ಷೆ ಅಲ್ಲ. ಮೆದುಳಿನಲ್ಲಿ ಗಾಯದ ಕಲೆ ಎಲ್ಲಿದೆ ಎಂದು ಎಂಆರ್‌ಐ ತೋರಿಸುತ್ತದೆ. ಆ ಜಾಗ ಈಗಲೂ ಏನಾದರೂ ಕೆಲಸ ಮಾಡುತ್ತಿದೆಯಾ ಎನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಎಡ ಟೆಂಪೊರಲ್ ಭಾಗದ ಒಳಗೆ ಹಿಪ್ಪೊಕ್ಯಾಂಪಸ್ ಇದೆ. ಹೆಚ್ಚಿನವರಲ್ಲಿ ಕೇಳಿದ ಮಾತು, ಕಥೆ, ಪಾಠ ನೆನಪಿಟ್ಟುಕೊಳ್ಳಲು ಅದೇ ಆಧಾರ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಫಿಟ್ಸ್ ನಿಲ್ಲಿಸಲು ಎರಡೂ ಕಡೆಯ ಈ ಭಾಗ ತೆಗೆದರು. ಫಿಟ್ಸ್ ತುಂಬಾ ಕಡಿಮೆಯಾಯಿತು. ಆದರೆ ಹೊಸದಾಗಿ ನಡೆದದ್ದು ಯಾವುದೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಃಶಾಸ್ತ್ರಜ್ಞೆ ಅವನನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಇವತ್ತು ನಾವು ಇಷ್ಟು ಎಚ್ಚರ ವಹಿಸುವುದಕ್ಕೆ ಆ ಕೆಲಸವೇ ದೊಡ್ಡ ಕಾರಣ. ನಿಮ್ಮ ಮಗಳಿಗೆ ಒಂದೇ ಕಡೆ ಮಾಡುತ್ತಾರೆ, ಹೆದರಬೇಡಿ.

ಹಾಗಾದರೆ ಏನು ನೋಡುತ್ತೇವೆ? 15 ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳುತ್ತೇವೆ. ಪ್ರತಿ ಸಲ ನೆನಪಿದ್ದಷ್ಟು ಅವಳು ಹೇಳಬೇಕು. ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತೇವೆ. ಕೆಲವು ಮಕ್ಕಳು ಚೆನ್ನಾಗಿ ಕಲಿತು ಅರ್ಧ ಗಂಟೆಯಲ್ಲಿ ಮರೆಯುತ್ತಾರೆ. ಕೆಲವರಿಗೆ ಮೊದಲು ಕಲಿಯುವುದೇ ಕಷ್ಟ, ಗಮನ ನಿಲ್ಲುವುದಿಲ್ಲ. ಮನೆಯಲ್ಲಿ ಎರಡನ್ನೂ ‘ಮರೆವು’ ಎಂದೇ ಕರೆಯುತ್ತೀರಿ. ನಮಗೆ ಅವೆರಡೂ ಬೇರೆ ಬೇರೆ ಕಾಯಿಲೆಯಷ್ಟು ದೂರ. ಇನ್ನೊಂದು ಮಾತು, ಕೇಳಲು ವಿಚಿತ್ರ ಅನಿಸಬಹುದು: ಈಗ ನೆನಪಿನ ಶಕ್ತಿ ಚೆನ್ನಾಗಿರುವ ಮಗುವಿಗೇ ಆಪರೇಷನ್‌ನಿಂದ ಕಳೆದುಕೊಳ್ಳುವ ಅಪಾಯ ಜಾಸ್ತಿ. ಆ ಜಾಗ ಇನ್ನೂ ದುಡಿಯುತ್ತಿದೆ ಅಂತ ಅರ್ಥ ಅಲ್ವಾ? ಸರ್ಜನ್‌ಗೆ ಇದು ಮೊದಲೇ ಗೊತ್ತಿರಬೇಕು.

ಪರೀಕ್ಷೆ ಯಾವ ಭಾಷೆಯಲ್ಲಿ ಎಂದು ತಪ್ಪದೆ ಕೇಳಿ. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಆಗಿದ್ದರೆ ಎರಡನ್ನೂ ಹೇಳಿ. ಬಿನೆ-ಕಾಮತ್ ಬುದ್ಧಿ ಪರೀಕ್ಷೆಯನ್ನು 1930ರ ದಶಕದಲ್ಲಿ ಧಾರವಾಡದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದೇ ಹೊಂದಿಸಿದ್ದರು. ಅದು ಈಗ ಹಳೆಯದಾಗಿದೆ ನಿಜ. ಆದರೂ ದೆಹಲಿಯ ಏಮ್ಸ್‌ನವರು ಮಾತ್ರೆಗೆ ಫಿಟ್ಸ್ ನಿಲ್ಲದ 116 ಮಕ್ಕಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಬಳಸಿದ್ದು ಅದನ್ನೇ. ಒಂದು ವರ್ಷದ ನಂತರ ಆಪರೇಷನ್ ಆದವರಲ್ಲಿ 77% ಮಕ್ಕಳಿಗೆ ಫಿಟ್ಸ್ ನಿಂತಿತ್ತು, ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ 7%. ನಡವಳಿಕೆ ಮತ್ತು ದಿನನಿತ್ಯದ ಬದುಕಿನ ಸ್ಕೋರುಗಳೂ ಆಪರೇಷನ್ ಆದವರಲ್ಲೇ ಹೆಚ್ಚು ಸುಧಾರಿಸಿದವು. ಐಕ್ಯೂನಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಾಗಾಗಿ ವರ್ಷದೊಳಗೆ ಐಕ್ಯೂ ಏರುತ್ತದೆ ಎಂದು ಕಾಯಬೇಡಿ.

ಎರಡನೇ ಪರೀಕ್ಷೆಯನ್ನು ಸಾಮಾನ್ಯವಾಗಿ ಆಪರೇಷನ್ ಆದ ಆರು ತಿಂಗಳಿಂದ ಒಂದು ವರ್ಷದೊಳಗೆ ಮಾಡುತ್ತೇವೆ. ಅದಕ್ಕಿಂತ ಬೇಗ ಮಾಡಿದರೆ ಊತ, ಸುಸ್ತು ಎಲ್ಲ ಸೇರಿ ಚಿತ್ರ ಮಸುಕಾಗಿರುತ್ತದೆ. ಆ ರಿಪೋರ್ಟು ಕೈಗೆ ಬಂದಾಗ ದಯವಿಟ್ಟು ಇದನ್ನು ನೆನಪಿಡಿ. ಸ್ಕೋರು ಕೊಡುವುದು ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿ. ಈಗ 8 ಪದ ಹೇಳಿದವಳು ಮುಂದಿನ ವರ್ಷವೂ 8 ಹೇಳಿದಳು ಅಂದುಕೊಳ್ಳಿ. ಅಷ್ಟರಲ್ಲಿ ಓರಗೆಯವರು ಮುಂದೆ ಹೋಗಿರುತ್ತಾರೆ, ಅವಳ ಸ್ಕೋರು ಇಳಿಯುತ್ತದೆ. ಆದರೆ ಅವಳು ಏನನ್ನೂ ಕಳೆದುಕೊಂಡಿಲ್ಲ, ಕಲಿಕೆಯ ವೇಗ ಕಡಿಮೆ ಇದೆ ಅಷ್ಟೇ. 8 ಇದ್ದದ್ದು 5 ಆದರೆ ಅದು ಬೇರೆ ಕಥೆ. ‘ನಿಜವಾಗಿ ಇಳಿದಿದೆಯಾ, ಇಲ್ಲಾ ಬೆಳೆದಿಲ್ಲ ಅಷ್ಟೇನಾ?’ ಎಂದು ನೇರವಾಗಿ ಕೇಳಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗನನ್ನು ಬೆಳಗ್ಗೆ ಪರೀಕ್ಷೆಗೆ ಕೂರಿಸಿಕೊಂಡಿದ್ದೆ. ಹಿಂದಿನ ರಾತ್ರಿ ಅವನಿಗೆ ಎರಡು ಸಲ ಫಿಟ್ಸ್ ಬಂದಿತ್ತು. ಅವರಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವಾರ ಬಿಟ್ಟು ಬೇರೆ ಪದಗಳ ಪಟ್ಟಿ ಇಟ್ಟುಕೊಂಡು ಮತ್ತೆ ಕೂರಿಸಿದರೆ ಬೇರೆಯೇ ಹುಡುಗ! ಆ ಮೊದಲ ಹಾಳೆ ನೋಡಿ ಆಪರೇಷನ್ ಬಗ್ಗೆ ತೀರ್ಮಾನ ಮಾಡಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಹಾಗಾಗಿ ಹಿಂದಿನ ದಿನ ಫಿಟ್ಸ್ ಬಂದಿದ್ದರೆ, ನಿದ್ದೆ ಕೆಟ್ಟಿದ್ದರೆ, ಮಾತ್ರೆ ಬದಲಾಗಿದ್ದರೆ ಮೊದಲೇ ಹೇಳಿ. ಟೋಪಿರಮೇಟ್‌ನಂಥ ಮಾತ್ರೆಯಿಂದ ಪದ ಹುಡುಕುವುದೇ ನಿಧಾನವಾಗಬಹುದು. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ಸುಮ್ನೆ ಪ್ರಾಕ್ಟೀಸ್ ಮಾಡಿಸಬೇಡಿ. ಅವಳು ಕನ್ನಡಕ ಹಾಕುತ್ತಿದ್ದರೆ ಮರೆಯದೆ ತನ್ನಿ. ಕಳೆದ ಎರಡು ವರ್ಷದ ಸ್ಕೂಲ್ ನೋಟ್‌ಬುಕ್‌ಗಳನ್ನೂ ತನ್ನಿ, ಯಾವಾಗಿನಿಂದ ಬರವಣಿಗೆ ತಪ್ಪತೊಡಗಿತು ಎನ್ನುವುದು ಎಷ್ಟೋ ಸಲ ಅದರಲ್ಲೇ ಸಿಗುತ್ತದೆ. ರಿಪೋರ್ಟಿನ ಜೊತೆ ಅವಳ ಟೀಚರ್‌ಗೆಂದು ಒಂದು ಪುಟ ಬೇರೆಯಾಗಿ, ಸರಳ ಕನ್ನಡದಲ್ಲಿ ಬರೆಸಿಕೊಳ್ಳಿ.