ಮುಚ್ಚಳಿಕೆ ಬರೆದುಕೊಟ್ಟ ಮೇಲೆ

ದಾವಣಗೆರೆ ವಿನೋಬನಗರದ ಓದುಗರೇ,

ಜಗಳದಲ್ಲಿ ಒಬ್ಬರ ಕೈ ಮುರಿದ ನಿಮ್ಮ ಅಣ್ಣನ ಮಗ ಕೋರ್ಟಿನಲ್ಲಿ ಚೌಕಾಸಿ ಮಾಡಿಕೊಂಡು (ಪ್ಲೀ ಬಾರ್ಗೇನಿಂಗ್, ಅಂದರೆ ಶಿಕ್ಷೆ ಕಡಿಮೆಯಾಗಲೆಂದು ಮಾತುಕತೆ ನಡೆಸಿ) ತಪ್ಪೊಪ್ಪಿಕೊಂಡ, ಪರಿಹಾರವನ್ನೂ ಕೊಟ್ಟ. ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಜಡ್ಜ್ ಬಿಟ್ಟರು. ಆಮೇಲೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು ಮೂರು ತಿಂಗಳು ತನ್ನ ನಡತೆಯ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿಗೆ ಮುಖ ತೋರಿಸಲಿಲ್ಲ. ಈಗ ವಾರಂಟ್ ಬಂದಿದೆ. "ಮುಗಿದ ಕೇಸಿಗೆ ಮತ್ತೆ ಶಿಕ್ಷೆಯಾ? ಒಪ್ಪಿಕೊಂಡಿದ್ದನ್ನೇ ವಾಪಸ್ ತಗೊಂಡರಾಯ್ತಲ್ಲ" ಎಂದು ಕೇಳಿದ್ದೀರಿ.

ಕೇಸು ಮುಗಿದಿರಲಿಲ್ಲ. ಶಿಕ್ಷೆಯನ್ನು ಪಕ್ಕಕ್ಕಿಟ್ಟಿದ್ದರು, ಅಷ್ಟೇ. ಇಂಥ ತೀರ್ಪಿಗೆ ಮಾಮೂಲಿ ಅಪೀಲೂ ಇಲ್ಲ. ತಪ್ಪೊಪ್ಪಿಗೆ ಹಾಗೇ ಉಳಿಯುತ್ತದೆ, ಹೋಗುವುದು ರಿಯಾಯಿತಿ ಮಾತ್ರ.

ಅಮೆರಿಕದಲ್ಲಾದರೆ ಹೀಗಾಗಲ್ಲ ಎಂದೂ ಬರೆದಿದ್ದೀರಿ. ಅಲ್ಲಿ ಇನ್ನೂ ಬಿಗಿ. 1976ರಲ್ಲಿ ಅರಿಜೋನಾದ ಪತ್ರಕರ್ತ ಡಾನ್ ಬೋಲ್ಸ್ ಅವರನ್ನು ಕಾರ್ ಬಾಂಬಿನಿಂದ ಕೊಂದ ಜಾನ್ ಆಡಮ್ಸನ್, ಜೊತೆಗಿದ್ದವರ ವಿರುದ್ಧ ಸಾಕ್ಷಿ ಹೇಳುತ್ತೇನೆಂದು ಒಪ್ಪಿ ಕಡಿಮೆ ಶಿಕ್ಷೆ ಪಡೆದ. ಅವರ ಕೇಸಿನ ಮರುವಿಚಾರಣೆಯಲ್ಲಿ ಮತ್ತೆ ಸಾಕ್ಷಿ ಹೇಳಲು ಕರೆದಾಗ ಒಲ್ಲೆ ಎಂದ. ಒಪ್ಪಂದ ಬಿದ್ದುಹೋಯಿತು, ಮರಣದಂಡನೆ ಬಂತು. ಒಂದೇ ತಪ್ಪಿಗೆ ಎರಡು ಸಲ ವಿಚಾರಣೆಯೇ ಎಂಬ ಅವನ ವಾದವನ್ನು 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮರಣದಂಡನೆ ಮುಂದೆ ರದ್ದಾಯಿತು, ಅದು ಬೇರೆ ಮಾತು.

ನಮ್ಮ 1958ರ ಪ್ರೊಬೇಷನ್ ಕಾಯ್ದೆ ಅಷ್ಟು ಗಟ್ಟಿ ಮನಸ್ಸಿನದಲ್ಲ. 9ನೇ ಕಲಂ ಪ್ರಕಾರ ಮೊದಲು ಅವನ ಮಾತು ಕೇಳಬೇಕು. ಷರತ್ತು ಮುರಿದಿದ್ದು ನಿಜ ಅನಿಸಿದರೆ ಮೂಲ ತಪ್ಪಿಗೇ ಶಿಕ್ಷೆ ಕೊಡಬಹುದು. ಇಲ್ಲವೇ, ಇದೇ ಮೊದಲ ಸಲವಾದರೆ, 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಬಹುದು. ಒಂದು ಕಡೆ ಜೈಲು, ಇನ್ನೊಂದು ಕಡೆ 50 ರೂಪಾಯಿ! ಪೊಲೀಸರು ಎಳೆದು ತರುವ ಮೊದಲು ಅವನಾಗಿಯೇ ಬಂದು ನಿಂತರೆ ಜಡ್ಜ್ ಅದನ್ನು ನೋಡುತ್ತಾರೆ ಎಂದೇ ನನ್ನ ನಂಬಿಕೆ.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಊರು ಬಿಡುವ ಮುಂಚೆ ಪ್ರೊಬೇಷನ್ ಅಧಿಕಾರಿಗೆ ಒಂದು ಮಾತು ಹೇಳಿದ್ದರೆ, ಅವರು ಕೋರ್ಟಿಗೆ ಅರ್ಜಿ ಹಾಕಿ ಷರತ್ತು ಬದಲಿಸಿಕೊಡಲು 8ನೇ ಕಲಂನಲ್ಲೇ ದಾರಿಯಿತ್ತು. ಇದನ್ನು ಆ ಹುಡುಗನಿಗೆ ಯಾರೂ ಹೇಳಲಿಲ್ಲ, ಅಲ್ವಾ?

ನೀವು ಕಳಿಸಿದ ಮುಚ್ಚಳಿಕೆಯ ಜೆರಾಕ್ಸ್ ನೋಡಿದೆ. ಜಾಮೀನುದಾರರ ಜಾಗದಲ್ಲಿ ನಿಮ್ಮ ಅಣ್ಣನವರ ಹೆಬ್ಬೆಟ್ಟು, ಮಸಿ ಪಕ್ಕದ ಸಾಲಿಗೂ ಹರಡಿದೆ. ಅವರಿಗೂ ಸಮನ್ಸ್ ಬರಬಹುದು, ಈಗಲೇ ತಿಳಿಸಿ. ಹುಡುಗನನ್ನು ನಾಳೆಯೇ ಕರೆಸಿ. ಮೇಸ್ತ್ರಿಯಿಂದ ಒಂದು ಚೀಟಿ, ಕೂಲಿಯ ಲೆಕ್ಕ ಇದ್ದರೆ ತರಲಿ. ವಕೀಲರ ಮೂಲಕ ವಾರಂಟ್ ರೀಕಾಲ್ ಅರ್ಜಿ, ಅಂದರೆ ವಾರಂಟ್ ವಾಪಸ್ ಪಡೆಯಿರಿ ಎಂದು ಕೋರ್ಟನ್ನು ಕೇಳುವ ಅರ್ಜಿ ಹಾಕಿಸಿ. ಫೀಸು ಕೊಡಲು ಕಷ್ಟವಾದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಕೋರ್ಟಿಗೆ ಅಣ್ಣನವರೂ ಜೊತೆಗೆ ಹೋಗಲಿ.

– ಸಂ.