ಲಕ್ವ ಹೊಡೆದ ಅಪ್ಪನನ್ನು ತಿಂಗಳಿಗೊಂದು ಮನೆಗೆ ಸಾಗಿಸಬಹುದೇ?

ಶ್ರೀನಿವಾಸಪುರದ ಹತ್ತಿರದ ಊರಲ್ಲಿ ಅಪ್ಪನಿಗೆ ಎಡಗೈ ಎಡಗಾಲು ಸ್ವಾಧೀನವಿಲ್ಲ, ಅಣ್ಣತಮ್ಮಂದಿರು ತಿಂಗಳಿಗೊಂದು ಮನೆಯಂತೆ ನೋಡಿಕೊಳ್ಳುವುದು ಸರಿಯೇ ಎಂದು ಕೇಳಿದ್ದೀರಿ. ಜರ್ಮನಿಯಲ್ಲಿರುವ ತಮ್ಮ 'ಇಲ್ಲಿ ಆಗಿದ್ರೆ ಸರ್ಕಾರವೇ ನೋಡ್ಕೊಳ್ತಿತ್ತು' ಅನ್ನುವುದನ್ನೂ ಬರೆದಿದ್ದೀರಿ.

ಸರದಿ ಬೇಕು, ಆದರೆ ಅಪ್ಪನಿಗಲ್ಲ, ನೋಡಿಕೊಳ್ಳುವವರಿಗೆ. ಮನೆ ಬದಲಾದರೆ ರಾತ್ರಿ ಗಲಿಬಿಲಿಯಾಗಿ ಏಳಲು ಹೋಗಿ ಬೀಳುತ್ತಾರೆ. ಮಾತ್ರೆ ಹಳೇ ಮನೆಯಲ್ಲೇ ಉಳಿಯುತ್ತದೆ. ಸೊಂಟದ ಕೆಳಗೆ ಕೆಂಪಾದದ್ದನ್ನು ಒಬ್ಬರು ಕಂಡಿರುತ್ತಾರೆ, ಇನ್ನೊಬ್ಬರಿಗೆ ಹೇಳಿರುವುದಿಲ್ಲ. ಒಂದೇ ಮನೆ, ಒಂದೇ ನೋಟ್‌ಬುಕ್ ಇರಲಿ. ಮಗ್ಗುಲು ಬದಲಿಸಿದ ಹೊತ್ತು, ಮಾತ್ರೆ, ಬಿ.ಪಿ. ಎಲ್ಲ ಅದರಲ್ಲಿ ಬರೆಯಿರಿ.

ಮಗ್ಗುಲು ಎರಡು ಗಂಟೆಗೊಮ್ಮೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಕದಂತೆ ಮೀನಖಂಡದ ಕೆಳಗೂ ಒಂದು ದಿಂಬಿರಲಿ. ಮೇಲಕ್ಕೆ ಸರಿಸುವಾಗ ಇಬ್ಬರು ಕೆಳಗಿನ ದುಪ್ಪಟಿ ಹಿಡಿದು ಎತ್ತಿ. ಎಡಗೈ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಒತ್ತಿದರೂ ಬಿಳಿಚದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಒತ್ತಿ ಆಗುವ ಹುಣ್ಣಿನ, ಮೊದಲ ಹಂತ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದು, ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಮುಟ್ಟಿ ನೋಡಿ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನೂ ಜಜ್ಜುತ್ತದೆ. ಏರ್ ಬೆಡ್ ತಂದರೂ ಮಗ್ಗುಲು ತಪ್ಪದು. ಕರೆಂಟ್ ಹೋದರೆ ಅದರ ಗಾಳಿಯೂ ಇಳಿಯುತ್ತದೆ.

ನಮ್ಮ ಕಡೆಯ ನಿಜವಾದ ಅಪಾಯ ಮುದ್ದೆ. ಅಗಿಯದೆ ನುಂಗುವ ಅಂಟು ತುತ್ತು, ಜೊತೆಗೆ ನೀರಾದ ಸಾರು. ನುಂಗುವ ಸ್ನಾಯು ಸೋತವರಿಗೆ ಎರಡೂ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಏನೂ ಬೇಡ. ಡಾಕ್ಟರು ಒಪ್ಪಿದ ಮೇಲೆ ನೆಟ್ಟಗೆ ಕೂರಿಸಿ, ಗಟ್ಟಿ ರಾಗಿ ಗಂಜಿ ಚಮಚದಲ್ಲಿ ಬಲಗಡೆಗೆ. ಎಡಗೆನ್ನೆಯಲ್ಲಿ ಉಳಿದದ್ದನ್ನು ತೆಗೆಯಿರಿ, ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮದಿದ್ದರೂ ದನಿ ಗೊರಗೊರ ಅಂದರೆ ನಿಲ್ಲಿಸಿ. ನೋಡಲು ಬಂದ ನೆಂಟರು ಮಲಗಿದವರ ಬಾಯಿಗೆ ಎಳನೀರು ಬಿಡುತ್ತಾರೆ. ಅವರನ್ನು ಬಾಗಿಲಲ್ಲೇ ತಡೆಯುವ ಕೆಲಸ ಒಬ್ಬರಿಗೆ ವಹಿಸಿ.

ನಿಮ್ಮ ತಮ್ಮ ಹೇಳಿದ್ದು ಅರ್ಧ ನಿಜ. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ಆರೈಕೆ ವಿಮೆ ಇದೆ. ಆದರೂ ಜರ್ಮನಿಯಲ್ಲಿ ಹೆಚ್ಚಿನವರ ಆರೈಕೆ ಮನೆಯಲ್ಲೇ, ಬಹುಪಾಲು ಮನೆಯವರಿಂದಲೇ. ವಿಮೆ ಅದಕ್ಕೆ ಹಣ ಕೊಡುತ್ತದೆ. ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆ ಮಗ, ಮಗಳು, ಮೊಮ್ಮಕ್ಕಳ ಮೇಲೆ ಹೊಣೆ ಹೊರಿಸಿದೆ. ಆ ಪಟ್ಟಿಯಲ್ಲಿ ಸೊಸೆ ಇಲ್ಲ, ರಾತ್ರಿ ಏಳುವವಳು ಮಾತ್ರ ಅವಳೇ. ಆದ್ದರಿಂದ ತಮ್ಮ ಕಳಿಸುವ ಹಣದಲ್ಲಿ ವಾರಕ್ಕೆ ಎರಡು ರಾತ್ರಿಯಾದರೂ ಆಯಾ ಇಡಿ. ಉಳಿದ ಐದು ರಾತ್ರಿ ಗಂಡಸರೂ ಹಂಚಿಕೊಳ್ಳಿ.