ಬೆಟ್ಟದಲ್ಲಿ ಗೆಳೆಯ ಮುಂದೆ ಹೋದರೆ ಹೋಗಲಿ ಬಿಡಿ

2019ರಲ್ಲಿ ಗೋವಾದ ಮೀರಾಮಾರ್ ಬೀಚ್‌ನಲ್ಲಿ ಐರನ್‌ಮ್ಯಾನ್ 70.3 (1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ರೇಸ್) ಶುರುವಾದ ಮೇಲೆ ನನಗೆ ಬರುವ ಪ್ರಶ್ನೆಗಳಿಗೂ ಒಂದು ಸೀಸನ್ ಬಂದುಬಿಟ್ಟಿದೆ. ಅಕ್ಟೋಬರ್, ನವೆಂಬರ್‌ನಲ್ಲಿ ರೇಸ್ ಮುಗಿಯುತ್ತದೆ. ಜನವರಿಗೆ ಪತ್ರ ಬರುತ್ತದೆ: "ಟ್ರೇನಿಂಗ್ ಮಾಡ್ತಾನೇ ಇದ್ದೀನಿ, ಸ್ಪೀಡ್ ಬರ್ತಿಲ್ಲ." ಈ ಸಲ ಅಂಥ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವರು ಬೇಜಾರು ಮಾಡ್ಕೋಬೇಡಿ. ಯಾವ ಸೈಕಲ್ ಕೊಳ್ಳಲಿ, ಯಾವ ಶೂ ಒಳ್ಳೇದು ಅಂತ ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ಪ್ರಶ್ನೆ: ನನಗೆ 41 ವರ್ಷ, ಊರು ಮೈಸೂರು. ಗೋವಾ 70.3 ಅನ್ನು 7 ಗಂಟೆ 40 ನಿಮಿಷದಲ್ಲಿ ಮುಗಿಸಿದೆ. ಈಜು 58 ನಿಮಿಷ, ಸೈಕಲ್ 3:35, ಓಟ 2:50, ಬಟ್ಟೆ-ಶೂ ಬದಲಾಯಿಸುವುದಕ್ಕೆ ಒಟ್ಟು 17 ನಿಮಿಷ. ಬರೀ ಹಾಫ್ ಮ್ಯಾರಥಾನ್ ಆದರೆ 2:10ಕ್ಕೆ ಓಡುತ್ತೇನೆ. ಮುಂದಿನ ಸಲ ಆರೂವರೆ ಗಂಟೆ ಗುರಿ. ಕೋಚ್ ಎರಡು ತಿಂಗಳಿಂದ ನಿಧಾನವಾಗಿಯೇ ಓಡಿಸುತ್ತಿದ್ದಾರೆ. ವಾಚ್‌ನಲ್ಲಿ ವಿಒ2 ಮ್ಯಾಕ್ಸ್ (ಮೈ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ) 46 ಇದ್ದದ್ದು 43ಕ್ಕೆ ಇಳಿದಿದೆ. ಚಾಮುಂಡಿ ಬೆಟ್ಟ ಹತ್ತುವಾಗ ಗೆಳೆಯರೆಲ್ಲ ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ. 140 ಹಾರ್ಟ್ ರೇಟ್‌ನಲ್ಲಿ ಓಡಿದರೆ ಕಿಲೋಮೀಟರಿಗೆ 7:40 ಆಗುತ್ತಿದ್ದದ್ದು ಈಗ 7:10 ಆಗಿದೆ, ಅಷ್ಟೇ. ಚಳಿ ಅಂತ ಪೂಲ್‌ಗೆ ಹೋಗುತ್ತಿಲ್ಲ. ಕೋಚ್ ಬದಲಾಯಿಸಲಾ?

ಉತ್ತರ: ಅಷ್ಟೇ ಅಂತೆ! ಇಡೀ ಪತ್ರದಲ್ಲಿ ಕೆಲಸಕ್ಕೆ ಬರುವ ಸಂಖ್ಯೆ ಅದೊಂದೇ, ಅದನ್ನೇ ನೀವು ಕೊನೆಯಲ್ಲಿ ತುರುಕಿದ್ದೀರಿ. ಹೃದಯ ಅಷ್ಟೇ ಬಡಿಯುತ್ತಿದೆ, ನೀವು ಕಿಲೋಮೀಟರಿಗೆ 30 ಸೆಕೆಂಡ್ ಬೇಗ ಹೋಗುತ್ತಿದ್ದೀರಿ. ಆಫ್-ಸೀಸನ್‌ನಲ್ಲಿ ಪ್ರಗತಿ ಅಂದರೆ ಇದೇ. ಕೋಚ್‌ಗೆ ಒಂದು ಕಾಫಿ ಕೊಡಿಸಿ.

ಆದರೆ ಪೂರ್ತಿ 30 ಸೆಕೆಂಡನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ರೇಸ್ ಮುಗಿದ ಸುಸ್ತಿನಲ್ಲಿ ಅಳೆದದ್ದಕ್ಕೂ ಜನವರಿಯ ತಂಪಿನಲ್ಲಿ ಅಳೆದದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಚಳಿಯಲ್ಲಿ ಹಾರ್ಟ್ ರೇಟ್ ತಾನಾಗೇ ಕಡಿಮೆ, ಸೆಕೆಯಲ್ಲಿ ಜಾಸ್ತಿ. ಹಾಗಾಗಿ ಮಾರ್ಚ್‌ನಲ್ಲಿ ಅದೇ ಓಟ 7:20 ಆದರೆ ನನಗೆ ಮತ್ತೆ ಪತ್ರ ಬರೆಯಬೇಡಿ. ಐದಾರು ವಾರಕ್ಕೊಮ್ಮೆ ಕುಕ್ಕರಹಳ್ಳಿ ಕೆರೆ ಸುತ್ತ, ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಶೂ ಹಾಕಿಕೊಂಡು ಓಡಿ. ಕಾಲು ಗಂಟೆ ಮೈ ಬಿಸಿ ಮಾಡಿಕೊಳ್ಳಿ, ಆಮೇಲೆ ಅರ್ಧ ಗಂಟೆ 140ರಲ್ಲಿ. ಎಷ್ಟು ದೂರ ಹೋದಿರಿ ಅಂತ ಬರೆದಿಡಿ, ಸಾಕು. ಎದೆಗೆ ಕಟ್ಟುವ ಪಟ್ಟಿ ಬಳಸಿ. ಮಣಿಕಟ್ಟಿನ ಸೆನ್ಸರ್ ಚಳಿಯಲ್ಲಿ ತಪ್ಪು ತೋರಿಸುತ್ತದೆ. ಎಷ್ಟೋ ಸಲ ಅದು ಎಣಿಸುತ್ತಿರುವುದು ನಿಮ್ಮ ಹೆಜ್ಜೆಯನ್ನು, ಹೃದಯವನ್ನಲ್ಲ.

ವಾಚ್ ಹೇಳುವ ವಿಒ2 ಮ್ಯಾಕ್ಸ್ ಬರೀ ಅಂದಾಜು. ವೇಗಕ್ಕೂ ಹಾರ್ಟ್ ರೇಟ್‌ಗೂ ತಾಳೆ ಹಾಕಿ ಲೆಕ್ಕ ಕಟ್ಟುತ್ತದೆ, ನಿಮ್ಮ ಉಸಿರನ್ನೇನೂ ಅದು ಅಳೆಯುವುದಿಲ್ಲ. ನಿಜವಾಗಿಯೂ ಸ್ವಲ್ಪ ಇಳಿದಿರಬಹುದು. ರೇಸ್ ಆದ ಮೇಲೆ ಒಂದೆರಡು ವಾರ ಸುಮ್ನೆ ಕೂತರೆ ರಕ್ತದಲ್ಲಿನ ನೀರಿನಂಶ ಇಳಿಯುತ್ತದೆ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ತಿರುಗಿ ಶುರುಮಾಡಿದರೆ ಅದು ಬೇಗ ಸರಿಹೋಗುತ್ತದೆ. ವರ್ಷವಿಡೀ ರೇಸಿನ ಹದದಲ್ಲೇ ಇರುತ್ತೇನೆ ಅನ್ನುವವರು ಆರು ತಿಂಗಳಿಗೆ ಫಿಸಿಯೋ ಬಾಗಿಲಲ್ಲಿ ಕೂತಿರುತ್ತಾರೆ. ಹೃದಯ, ಶ್ವಾಸಕೋಶ ಬೇಗ ಚುರುಕಾಗುತ್ತವೆ. ಹಿಮ್ಮಡಿ ಮೇಲಿನ ನರ ಅನ್ನುತ್ತೀರಲ್ಲ, ಆ ಸ್ನಾಯುರಜ್ಜು, ಮತ್ತೆ ಮೂಳೆ, ಇವಕ್ಕೆ ತಿಂಗಳುಗಟ್ಟಲೆ ಬೇಕು.

ಈಗ 7:40ರಿಂದ ಆರೂವರೆಗೆ ಬರಲು ನೀವು ಇಳಿಸಬೇಕಾದ 70 ನಿಮಿಷಕ್ಕೆ ಬರೋಣ. ಎಲ್ಲಿ ಸಿಗುತ್ತದೆ? ನೀವು ಬೆಟ್ಟದಲ್ಲಿ ಹುಡುಕುತ್ತಿದ್ದೀರಿ, ಅದು ಅಲ್ಲಿಲ್ಲ. ಬರೀ ಓಡಿದರೆ 2:10, ರೇಸ್‌ನಲ್ಲಿ 2:50. ಅಂದರೆ ಸೈಕಲ್ ಇಳಿದ ಮೇಲೆ 40 ನಿಮಿಷ ಸೋರಿಹೋಗಿದೆ. ಗೋವಾದ ಬಿಸಿಲು ಸ್ವಲ್ಪ ತಿಂದಿರುತ್ತದೆ. ಉಳಿದದ್ದಕ್ಕೆ ಕಾರಣ ಎರಡೇ. ಸೈಕಲನ್ನು ಶಕ್ತಿ ಮೀರಿ ಹೊಡೆದಿದ್ದೀರಿ, ಇಲ್ಲವೇ ಏಳು ಗಂಟೆಯ ಕೆಲಸಕ್ಕೆ ಬೇಕಾದ ತಳಪಾಯ ನಿಮಗಿಲ್ಲ. ನನ್ನ ಅನುಮಾನ ಎರಡರ ಮೇಲೂ. ಓಟದ ವೇಗ ನಿಮ್ಮಲ್ಲಿದೆ, ಕೊನೆಯವರೆಗೆ ಅದು ಉಳಿಯುತ್ತಿಲ್ಲ. ಉಳಿಸುವುದು ಈ ಬೋರ್ ಹೊಡೆಸುವ ನಿಧಾನದ ಓಟ ಮತ್ತು ಉದ್ದದ ಸೈಕಲ್ ಸವಾರಿಯೇ.

ತಳಪಾಯ ಬಂತಾ ಅಂತ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ತೊಂಬತ್ತು ನಿಮಿಷ ಒಂದೇ ವೇಗದಲ್ಲಿ ಓಡಿ. ಮೊದಲ ಅರ್ಧದಲ್ಲಿ ಹಾರ್ಟ್ ರೇಟ್ ಸರಾಸರಿ 138 ಇದ್ದು, ಎರಡನೇ ಅರ್ಧದಲ್ಲಿ 151 ಆದರೆ ಶೇಕಡಾ 9ಕ್ಕೂ ಹೆಚ್ಚು ಏರಿತು. ಇನ್ನೂ ಆಗಿಲ್ಲ. ಶೇಕಡಾ 5ರ ಒಳಗೆ ನಿಂತರೆ ಕೋಚ್ ತಾವಾಗೇ ಜೋರು ಓಟ ಕೊಡುತ್ತಾರೆ, ಕೇಳಬೇಕಾಗಿಲ್ಲ. ಸೈಕಲ್‌ನಲ್ಲಿ 3:35 ಅಂದರೆ ಗಂಟೆಗೆ 25 ಕಿಲೋಮೀಟರ್. ಆಗಸ್ಟ್ ಹೊತ್ತಿಗೆ ಅದು 27ರ ಮೇಲೆ ಹೋದರೆ ಸಾಕು, ಈಗ ಬೇಡ. ಶೂ ಬದಲಾಯಿಸಲು 17 ನಿಮಿಷ ಏನು ಮಾಡಿದಿರಿ, ಸ್ನಾನ ಮಾಡಿದಿರಾ? ಮನೆ ಅಂಗಳದಲ್ಲಿ ಅಭ್ಯಾಸ ಮಾಡಿದರೆ ಎಂಟು ನಿಮಿಷ ಪುಕ್ಕಟೆ ಸಿಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಪೂಲ್ ವಿಷಯಕ್ಕೆ. 1.9 ಕಿಲೋಮೀಟರಿಗೆ 58 ನಿಮಿಷ ಅಂದರೆ ನೂರು ಮೀಟರಿಗೆ ಮೂರು ನಿಮಿಷ. ಅದಕ್ಕಿರುವ ಮಿತಿ 70 ನಿಮಿಷ. ಅಲೆ ಸ್ವಲ್ಪ ಜೋರಿದ್ದಿದ್ದರೆ ನೀವು ಸೈಕಲ್ ಮುಟ್ಟುತ್ತಲೇ ಇರಲಿಲ್ಲ. ಈಜಿನಲ್ಲಿ ದಮ್ಮಿಗಿಂತ ಕಲೆ ಮುಖ್ಯ. ಕಲೆ ಕಲಿಯಲು ರೇಸಿನ ಗಡಿಬಿಡಿ ಇಲ್ಲದ ಈ ತಿಂಗಳುಗಳೇ ಸರಿ. ಬೆಳಿಗ್ಗೆ ಚಳಿ ಅಂದರೆ ಮಧ್ಯಾಹ್ನದ ಬ್ಯಾಚ್‌ಗೆ ಹೋಗಿ.

ಎರಡು ಕಾಲಿನ ನಡುವೆ ಪುಲ್ ಬಾಯ್ (ಕಾಲನ್ನು ತೇಲಿಸಿ ಹಿಡಿಯುವ ಫೋಮ್ ತುಂಡು) ಇಟ್ಟುಕೊಂಡು ಈಜಿ ನೋಡಿ. ಅದಿದ್ದಾಗ ತುಂಬಾ ಬೇಗ ಹೋಗುತ್ತಿದ್ದರೆ, ಅದಿಲ್ಲದಾಗ ನಿಮ್ಮ ಕಾಲು ಮುಳುಗುತ್ತಿದೆ ಅಂತ ಅರ್ಥ. ಕಾಲು ಮುಳುಗುವುದು ಹೆಚ್ಚಾಗಿ ತಲೆ ಎತ್ತಿ ಮುಂದೆ ನೋಡುವುದರಿಂದ. ಪೂಲಿನ ತಳದ ಟೈಲ್ಸ್ ಕಾಣಬೇಕು, ಎದುರಿನ ಗೋಡೆಯಲ್ಲ. ತಿಂಗಳಿಗೊಮ್ಮೆ 400 ಮೀಟರ್, ಸ್ವಲ್ಪ ಸುಧಾರಿಸಿಕೊಂಡು 200 ಮೀಟರ್, ಎರಡನ್ನೂ ಜೋರಾಗಿ ಈಜಿ. ಮೊದಲನೆಯದು 10:40, ಎರಡನೆಯದು 5:05 ಆದರೆ ವ್ಯತ್ಯಾಸ 5:35. ಅದರ ಅರ್ಧ, ಅಂದರೆ ನೂರು ಮೀಟರಿಗೆ ಸುಮಾರು 2:48. ತುಂಬಾ ಹೊತ್ತು ಉಳಿಸಿಕೊಳ್ಳಬಲ್ಲ ವೇಗದ ಅಂದಾಜು ಇದು. ಈ ಸಂಖ್ಯೆ ಇಳಿಯುತ್ತಾ ಹೋಗಬೇಕು. 25 ಮೀಟರಿಗೆ ಎಷ್ಟು ಸಲ ಕೈ ಬೀಸಿದಿರಿ ಅಂತಲೂ ಎಣಿಸಿ.

ಗೆಳೆಯರ ವಿಷಯ. ಜನವರಿಯಲ್ಲಿ ಬೆಟ್ಟದ ಮೇಲೆ ಯಾರೂ ಮೆಡಲ್ ಕೊಡುವುದಿಲ್ಲ. ಅವರ ಜೊತೆ ಹೋಗಲೇಬೇಕಾದರೆ ಅವರೇ ಮೇಲೆ ಹೋಗಿ ನಿಮಗಾಗಿ ಕಾಯಲಿ.

ಪ್ರಶ್ನೆ: ಮೂರು ತಿಂಗಳಿಂದ ಮುಟ್ಟು ನಿಂತಿದೆ. ಟ್ರೇನಿಂಗ್ ಚೆನ್ನಾಗಿ ಆಗ್ತಿದೆ ಅಂತ ಅರ್ಥ ಎಂದು ಜಿಮ್‌ನವರು ಹೇಳಿದರು. ಹೌದಾ?

ಉತ್ತರ: ಅಲ್ಲ. ಹಾಗೆ ಹೇಳಿದವರಿಂದ ಇನ್ನು ಯಾವ ಸಲಹೆಯನ್ನೂ ತಗೋಬೇಡಿ. ಮೊದಲು ಗರ್ಭ ನಿಂತಿದೆಯಾ ಅಂತ ಪರೀಕ್ಷೆ ಮಾಡಿಸಿ. ಅದಲ್ಲ ಅಂದರೆ, ಮಾಡುವ ಕೆಲಸಕ್ಕೆ ತಿನ್ನುವುದು ಸಾಲದೆ ಹೀಗಾಗಿರುವ ಸಾಧ್ಯತೆ ಹೆಚ್ಚು. ಥೈರಾಯ್ಡ್‌ನಂಥ ಬೇರೆ ಕಾರಣವೂ ಇರಬಹುದು. ಸುಮ್ಮನೆ ಬಿಟ್ಟರೆ ಪೆಟ್ಟು ಮೂಳೆಗೆ ಬೀಳುತ್ತದೆ. ಈ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಿ. ಅಲ್ಲಿಯವರೆಗೆ ಓಟ ಕಡಿಮೆ, ಊಟ ಜಾಸ್ತಿ.

ಪ್ರಶ್ನೆ: ಮೊಣಕಾಲ ಕೆಳಗೆ ಒಂದೇ ಕಡೆ ನೋವು. ನಾಟಿ ವೈದ್ಯರು ಸೊಪ್ಪು ಕಟ್ಟಿ, ಓಡ್ತಾ ಇರಿ, ರಕ್ತ ಓಡಾಡುತ್ತೆ ಅಂದರು. ಎಕ್ಸ್-ರೇನಲ್ಲೂ ಏನಿಲ್ಲ.

ಉತ್ತರ: ಒಂದು ಬೆರಳಿಟ್ಟು ಇಲ್ಲೇ ಅಂತ ತೋರಿಸಬಹುದಾದ ಮೂಳೆ ನೋವು ಇದ್ದರೆ ಇವತ್ತೇ ಓಟ ನಿಲ್ಲಿಸಿ. ಮೂಳೆ ಬಿರುಕು ಶುರುವಿನಲ್ಲಿ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಎಂಆರ್‌ಐ ಬೇಕಾ ಅಂತ ಮೂಳೆ ಡಾಕ್ಟರು ನಿರ್ಧರಿಸಲಿ, ಸೊಪ್ಪಿನವರಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿದರೆ ಬೊಜ್ಜು ಬೇಗ ಕರಗುತ್ತಾ?

ಉತ್ತರ: ಇಳಿಯುವುದು ಬೆವರು. ಎರಡು ಲೋಟ ನೀರು ಕುಡಿದರೆ ತೂಕ ವಾಪಸ್.

ಪ್ರಶ್ನೆ: ಸುಸ್ತು ಅಂತ ಮೆಡಿಕಲ್ ಶಾಪ್‌ನವರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ತಗೊಳ್ಳಲಾ?

ಉತ್ತರ: ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಅಳತೆ) ಕೂಡ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಅದಕ್ಕೂ ಮೊದಲು ಬೇಡ.

ಪ್ರಶ್ನೆ: ಗೋವಾಗೆ ವೆಟ್‌ಸೂಟ್ ಕೊಳ್ಳಲಾ?

ಉತ್ತರ: ಬೆಚ್ಚನೆಯ ಸಮುದ್ರಕ್ಕೆ ಸ್ವೆಟರ್ ಯಾಕೆ? ಆ ದುಡ್ಡಿನಲ್ಲಿ ಈಜು ಕಲಿಸುವವರಿಗೆ ಫೀಸ್ ಕಟ್ಟಿ.